ಹದಿನೇಳನೇ ಕೊಕ್ಕೆಗೇ ಮಾಂಸದ ತಟ್ಟೆ

“ಮತ್ತೆ ಹದಿನೇಳು!”

ರೆಂಜೊ ಕೂಗಿದ ರಭಸಕ್ಕೆ ಶೆಡ್ಡಿನಲ್ಲಿ ಗರಗಸದ ಸದ್ದು ನಿಂತಿತು. ಸತತ ಮೂರನೇ ಶುಕ್ರವಾರವೂ ಲಾಟರಿಯ ಬಹುಮಾನವಾದ ಮಾಂಸದ ತಟ್ಟೆ ಹದಿನೇಳನೇ ನಂಬರಿಗೇ ಬಂದಿತ್ತು. ಅಂದರೆ ಲಿಂಡ್ಸೆಗೆ.

ಪೋರ್ಟ್ ಪಿರಿ ಊರಿನ ನಿವೃತ್ತರು ಮರಗೆಲಸಕ್ಕೂ ಹರಟೆಗೂ ಸೇರುವ ಈ ಗಂಡಸರ ಶೆಡ್ಡಿನಲ್ಲಿ ಲಾಟರಿಗೆ ಚೀಟಿ ಇಲ್ಲ. ಗೋಡೆಯ ಯಾವ ಕೊಕ್ಕೆಗೆ ನಿಮ್ಮ ಚಹಾದ ಮಗ್ ತೂಗುತ್ತದೋ ಅದೇ ನಿಮ್ಮ ನಂಬರು. ಶುಕ್ರವಾರ ಮೂಲೆಯ ಕಂಪ್ಯೂಟರಿನಲ್ಲಿ ರೆಂಜೊ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಒಂದೇ ಒಂದು ಸಲ ಓಡಿಸುತ್ತಾರೆ. ಅದು ಹೇಳಿದ ಕೊಕ್ಕೆಯವರಿಗೆ ಕುರಿಮಾಂಸ, ಸಾಸೇಜು.

“ಬೆಳಿಗ್ಗೆ ಬಾಗ್ಲು ತೆಗೆಯೋನು ಯಾರು? ಲಿಂಡ್ಸೆ. ಕಂಪ್ಯೂಟರ್ ಮುಂದೆ ಒಬ್ನೇ ಕೂತಿರೋನು ಯಾರು? ಲಿಂಡ್ಸೆ. ಇನ್ನೇನ್ ಬೇಕು?” ಎಂದ ರೆಂಜೊ.

ಲಿಂಡ್ಸೆ ಕೊಕ್ಕೆಯಿಂದ ಮಗ್ ತೆಗೆದುಕೊಂಡ. ಶೆಡ್ಡಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಗ್ಲೆನಿಸ್ ಕೈಯಲ್ಲಿದ್ದ ಉಳಿ ಕೆಳಗಿಟ್ಟಳು. ಹೆಂಡತಿ ತೀರಿಹೋದ ಮೇಲೆ ಲಿಂಡ್ಸೆ ನಾಲ್ಕು ಮಾತಾಡುತ್ತಿದ್ದುದು ಈ ಶೆಡ್ಡಿನಲ್ಲಿ ಮಾತ್ರ. ಹೆಸರಿಗೆ ಇದು ಗಂಡಸರ ಶೆಡ್ಡಾದರೂ ಕುರ್ಚಿ ಮಾಡುತ್ತ ಕೂತ ನಿವೃತ್ತ ಪೊಲೀಸ್ ಸಾರ್ಜೆಂಟ್ ಗ್ಲೆನಿಸ್‌ಳನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ.

“ಆ ಕೀನ ಯಾರೂ ಮುಟ್ಬೇಡಿ,” ಎಂದಳು. “ನಾನು ವಿಚಾರಿಸೋವರೆಗೂ ಇಲ್ಲಿ ಯಾರೂ ಕಳ್ಳರಲ್ಲ.”

* * *

“ಕಂಪ್ಯೂಟರ್ ಮುಂದೆ ಕೂತು ಏನ್ಮಾಡ್ತಿದ್ದೆ?” ಎಂದು ಕೇಳಿದಳು ಗ್ಲೆನಿಸ್.

“ಇಸ್ಪೀಟಾಡ್ತಿದ್ದೆ,” ಎಂದ ಲಿಂಡ್ಸೆ, ತನ್ನ ಅಡುಗೆಮನೆಯಲ್ಲಿ.

“ಗೆಲ್ತಿದ್ಯಾ?”

“ಎಲ್ಲಿ ಬಂತು!”

“ಗೆದ್ದ ಮಾಂಸ?”

ಅವನು ಫ್ರೀಜರ್ ತೆರೆದು ತೋರಿಸಿದ. ಹಿಂದಿನ ತಟ್ಟೆಗಳು ಕಟ್ಟಿದ ಹಾಳೆಯನ್ನೂ ಬಿಚ್ಚದೆ ಹಾಗೇ ಇದ್ದವು. “ಒಬ್ನೇ ಎಷ್ಟೂಂತ ತಿನ್ಲಿ? ಬೇಡ ಅಂದ್ರೆ ಬೇಜಾರ್ ಮಾಡ್ಕೋತಾರೆ ಅಂತ ಇಟ್ಕೊಂಡೆ.”

ಗ್ಲೆನಿಸ್ ಯೋಚಿಸಿದಳು. ಕದ್ದವನು ಕದ್ದದ್ದನ್ನು ತಿನ್ನುತ್ತಾನೆ. ಒಮ್ಮೆ ಗೆದ್ದು ತಣ್ಣಗಿರುತ್ತಾನೆ. ವಾರವಾರ ಗೆದ್ದು ಎಲ್ಲರ ಕಣ್ಣಿಗೆ ಬೀಳುವ ಕಳ್ಳನನ್ನು ಅವಳು ಇಡೀ ನೌಕರಿಯಲ್ಲಿ ಕಂಡಿರಲಿಲ್ಲ.

* * *

ಮರುದಿನ ಅವಳು ರೆಂಜೊನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು.

“ಓಡಿಸು.”

ಹದಿನೇಳು.

“ಇನ್ನೊಂದ್ಸಲ.”

ಹದಿನೇಳು.

“ನೋಡಿದ್ಯಾ! ಹೆಂಗ್ ತಿದ್ದಿಟ್ಟಿದಾನೆ ಕಳ್ಳ!”

“ಎಲ್ಲಿ ತಿದ್ದಿದಾನೆ, ತೋರ್ಸು.”

ರೆಂಜೊ ತಾನು ಬರೆದದ್ದನ್ನು ಮೇಲಿಂದ ಕೆಳಗೆ ಓದಿದ. ಮತ್ತೆ ಓದಿದ. “ಒಂದಕ್ಷರಾನೂ ಬದಲಾಗಿಲ್ವಲ್ಲ,” ಎಂದು ತಲೆ ಕೆರೆದುಕೊಂಡ.

“ಹಾಗಾದ್ರೆ ಈಚೆಗೆ ಇದ್ರಲ್ಲಿ ಬದಲಾಗಿರೋದೇನು?”

ರೆಂಜೊನ ಮುಖ ಅರಳಿತು. “ಕಂಪೈಲರ್! ನಾನ್ ಬರ್ದಿದ್ದನ್ನ ಯಂತ್ರದ ಭಾಷೆಗೆ ತಿರುಗ್ಸೋದು ಅದೇ. ಹಳೇದು ಆಮೆ. ಮೂರು ವಾರದ ಹಿಂದೆ ಅದನ್ನ ಬಿಟ್ಟು ಪುಟ್ಟದೊಂದು ಹಾಕ್ದೆ. ಪುಕ್ಕಟೆ ಬೇರೆ. ಕೆಟಲ್ ಕಾಯೋದ್ರೊಳಗೆ ಕೆಲ್ಸ ಮುಗಿಸತ್ತೆ.”

“ಏನೂ ತೊಂದ್ರೆ ಕೊಡ್ಲಿಲ್ವಾ?”

“ಬರೀ ಬಾಯಿಬಡುಕ. ಸಾಲು ಸಾಲು ಎಚ್ಚರಿಕೆ ಕೊಡ್ತಿತ್ತು. ತಲೆ ಕೆಟ್ಟು ಬಾಯ್ಮುಚ್ಚಿಸ್ದೆ.”

ಗ್ಲೆನಿಸ್ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು. ಬಾಯಿ ಮುಚ್ಚಿಸಿದ ಸಾಕ್ಷಿಗಳೆಂದರೆ ಅವಳಿಗೆ ಮೊದಲಿಂದಲೂ ಬಲು ಪ್ರೀತಿ.

“ಬಾಯಿ ಬಿಡ್ಸು.”

ಅವನು ಎಚ್ಚರಿಕೆಗಳನ್ನು ಮತ್ತೆ ಚಾಲೂ ಮಾಡಿ ಕಂಪೈಲ್ ಮಾಡಿದ. ಪರದೆಯ ತುಂಬ ಸಾಲುಗಳು. ಮೊದಲನೆಯದನ್ನು ಓದುತ್ತಲೇ ರೆಂಜೊನ ದನಿ ಇಳಿಯಿತು.

“ಅಯ್ಯೋ.”

“ನಂಗೂ ಅರ್ಥ ಆಗೋ ಹಾಗೆ ಹೇಳು.”

“ನಂಬರ್ ತೆಗೆಯೋ ಮುಂಚೆ ಯಂತ್ರಕ್ಕೆ ಶುರುವಿನ ಸಂಖ್ಯೆ ಒಂದು ಕೊಡ್ಬೇಕು. ಅದು ಒಂದೇ ಆದ್ರೆ ಬರೋ ನಂಬರೂ ಒಂದೇ. ನಾನು ಅದಕ್ಕೊಂದು ಡಬ್ಬಿ ಇಟ್ಟೆ, ಒಳಗೇನೂ ಹಾಕೋದನ್ನೇ ಮರ್ತೆ. ಹಳೇ ಕಂಪೈಲರಲ್ಲಿ ಆ ಡಬ್ಬೀಲಿ ಸಲಸಲಕ್ಕೂ ಬೇರೆಬೇರೆ ಕಸ ಇರ್ತಿತ್ತು. ಇಷ್ಟು ವರ್ಷ ಆ ಕಸವೇ ನಮ್ಮ ಮಾನ ಉಳಿಸ್ತು. ಹೊಸದ್ರಲ್ಲಿ ಯಾವಾಗ್ಲೂ ಸೊನ್ನೆ.”

“ಸೊನ್ನೆ ಬಿದ್ರೆ ಹದಿನೇಳು. ಚೀಟಿ ಇದ್ದಿದ್ರೆ ಆ ಹದಿನೇಳು ವಾರಕ್ಕೊಬ್ರ ಕೈಲಿರ್ತಿತ್ತು, ವಾರಕ್ಕೊಬ್ರು ಗೆಲ್ತಿದ್ರು. ನಮ್ಮ ಕೊಕ್ಕೆ ಬದಲಾಗಲ್ಲ, ಅದಕ್ಕೇ ಲಿಂಡ್ಸೆ ತಲೆಗೆ ಕಟ್ತು,” ಎಂದಳು ಗ್ಲೆನಿಸ್. “ಹೊಸ ಕಂಪೈಲರ್ ನಿಜ ಕೂಗಿ ಹೇಳ್ತು. ನೀನು ಅದರ ಬಾಯಿ ಮುಚ್ಚಿ, ಲಿಂಡ್ಸೆ ಮೇಲೆ ಕೂಗಾಡ್ದೆ. ಕಳ್ಳ ಯಾರು ಈಗ?”

ರೆಂಜೊ ಬೀಗದ ಕೈ ಎತ್ತಿಕೊಂಡು ಲಿಂಡ್ಸೆಯ ಮನೆಗೆ ಹೊರಟ.

* * *

ಮುಂದಿನ ಶುಕ್ರವಾರ ಲಿಂಡ್ಸೆಯ ಮಗ್ ಹದಿನೇಳನೇ ಕೊಕ್ಕೆಯಲ್ಲಿತ್ತು. ಫ್ರೀಜರಿನಲ್ಲಿದ್ದ ಮಾಂಸವೆಲ್ಲ ಅಂಗಳದ ಬಾರ್ಬೆಕ್ಯೂ ಮೇಲಿತ್ತು. ಸುಡುವ ಶಿಕ್ಷೆ ರೆಂಜೊನದು.

ಶುರುವಿನ ಸಂಖ್ಯೆಯನ್ನು ಈಗ ಗಡಿಯಾರದಿಂದ ತೆಗೆದುಕೊಳ್ಳುವಂತೆ ಅವನು ತಿದ್ದಿದ್ದ. ಗ್ಲೆನಿಸ್ ಪ್ರೋಗ್ರಾಮ್ ಓಡಿಸಿ, ಕಿಟಕಿಯಿಂದ ಹೊರಗೆ ಕೂಗಿದಳು.

“ನಾಲ್ಕು!”

ನಾಲ್ಕನೇ ಕೊಕ್ಕೆ ರೆಂಜೊನದು. ಎಲ್ಲರೂ ಅವನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರೆಂಜೊ ಇಕ್ಕಳ ಹಿಡಿದ ಕೈಯನ್ನೇ ಮೇಲೆತ್ತಿದ.

“ದೇವರಾಣೆ, ನಾನೇನೂ ಮಾಡಿಲ್ಲ!”

“ಗೊತ್ತು ಕಣೋ,” ಎಂದ ಲಿಂಡ್ಸೆ. “ಸಾಸೇಜ್ ತಿರುಗ್ಸು, ಸೀದು ಹೋಗ್ತಿದೆ.”