ಅವ್ವನ ಕಂಬಳಿ ಹೊದ್ದ ಅಕ್ಕ

"ಬಾರೋ ಜುಂಜಾ, ನಾನು ಕಣೋ, ನಿನ್ನಕ್ಕ!"

ಶಿಲ್ಪ ಎರಡೂ ಕೈ ಚಾಚಿದಳು. ತಮ್ಮ ಅವಳ ಮುಖವನ್ನೊಮ್ಮೆ ನೋಡಿದ. ತುಟಿ ಸೊಟ್ಟ ಮಾಡಿ, ಊರಿಗೆಲ್ಲ ಕೇಳುವಂತೆ ಕಿರುಚಿ, ಅವ್ವನ ಹೆಗಲಿಗೆ ಹಲ್ಲಿಯಂತೆ ಅಂಟಿಕೊಂಡ. ಅವಳು ಕೊಟ್ಟ ಬಿಸ್ಕತ್ತು ನೆಲದ ಪಾಲಾಯಿತು.

ದೀಪಾವಳಿ ಕಳೆದ ಮೇಲೆ ಅಪ್ಪ, ಅವ್ವ ಕುರಿಮಂದೆ ಹೊಡೆದುಕೊಂಡು ಗದ್ದೆ ಸೀಮೆಗೆ ಹೋಗಿದ್ದರು. ಹಾಲು ಕುಡಿಯುವ ಜುಂಜನೂ ಅವರ ಜೊತೆ ಹೋದ. ಸ್ಕೂಲಿದ್ದ ಶಿಲ್ಪ ದೊಡ್ಡಉಳ್ಳಾರ್ತಿಯಲ್ಲೇ ಅಜ್ಜಿಯ ಹತ್ತಿರ ಉಳಿದಳು. ಹೋಗುವ ಮೊದಲೆಲ್ಲ ಅವಳನ್ನು ಕಂಡರೆ ಸಾಕು, ಜುಂಜ ಬೊಚ್ಚುಬಾಯಿ ತೆರೆದು ನಗುತ್ತಿದ್ದ. ಆ ನಗುವನ್ನು ನೆನೆಸಿಕೊಂಡೇ ಪಾಪ, ಚಳಿಗಾಲ ಬೇಸಿಗೆ ಎರಡನ್ನೂ ಕಳೆದಿದ್ದಳು. ಈಗ ಮಂದೆ ಊರಿಗೆ ಮರಳಿದೆ; ನೋಡಿದರೆ, ಅಕ್ಕ ಅನ್ನುವವಳೊಬ್ಬಳು ಇದ್ದಾಳೆ ಎನ್ನುವುದೇ ಈ ಪುಣ್ಯಾತ್ಮನಿಗೆ ನೆನಪಿಲ್ಲ!

ಶಿಲ್ಪ ಅಷ್ಟಕ್ಕೇ ಸೋಲುವವಳಲ್ಲ, ಕುರಿಯವರ ಮನೆಯ ಹುಡುಗಿ. ತಬ್ಬಲಿ ಮರಿಯನ್ನು ಬೇರೆ ಕುರಿ ತನ್ನ ಹತ್ತಿರ ಬಿಟ್ಟುಕೊಳ್ಳದಿದ್ದರೆ ಅಪ್ಪ ಏನು ಮಾಡುತ್ತಾನೆ? ಆ ಕುರಿಯ ಹಾಲನ್ನೇ ಮರಿಯ ಮೈಗೆ ಸವರುತ್ತಾನೆ. ತನ್ನ ವಾಸನೆ ಬಂದರೆ ಕುರಿ ಅದನ್ನು ತನ್ನ ಮರಿಯೆಂದೇ ನೆಕ್ಕುತ್ತದೆ. ಇಷ್ಟೇ ತಾನೇ?

ಮಲಗಿದ್ದ ಜುಂಜನನ್ನು ಬಿಟ್ಟು ಅವ್ವ ನೀರಿಗೆ ಹೋದಳು. ಶಿಲ್ಪ ಅವ್ವನ ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ ಹೊದ್ದು ಅವನ ಪಕ್ಕ ಕೂತಳು. ಎಚ್ಚರವಾದ ಜುಂಜ ಅಂಬೆಗಾಲಿಟ್ಟು ಬಂದ, ನೇರ ಮಡಿಲಿಗೇ ಹತ್ತಿದ! ಶಿಲ್ಪಳಿಗೆ ಆಕಾಶ ಮೂರೇ ಗೇಣು.

ಆಗ ಅವನು ಕಂಬಳಿ ಎಳೆದು ಮುಖ ನೋಡಿದ. ಅಷ್ಟೇ, ಸೂರು ಹಾರಿಹೋಗುವಂತೆ ಅತ್ತ.

ಅವ್ವ ಓಡಿಬಂದಳು. ಅಳುವ ಮಗನನ್ನು ಎತ್ತಿಕೊಂಡಳು. ಕಂಬಳಿಯೊಳಗೆ ಮಗಳೂ ಅಳುತ್ತಿದ್ದಳು. ಏನಾಯಿತೆಂದು ಅವ್ವನಿಗೆ ಹೊಳೆದು ನಗು ಬಂತು.

"ಅವನೇನು ಕುರಿಮರಿಯೇನೇ? ಈ ವಯಸ್ಸಿನಾಗೆ ಮಕ್ಕಳು ಮುಖ ಗುರುತು ಹಿಡೀತಾವೆ. ಹೊಸಬರನ್ನ ಕಂಡ್ರೆ ಅಳ್ತಾವೆ."

"ನಾನು ಹೊಸಬಳಾ ಅವ್ವ?" ಶಿಲ್ಪ ಕಂಬಳಿಯಿಂದ ಮುಖ ಹೊರಗೆ ಹಾಕಿ ಕೇಳಿದಳು.

"ನೀನೂ ಹಂಗೇ ಮಾಡಿದ್ದೆ ಕಣವ್ವ. ನಿನಗೆ ಹಾಲು ಬಿಡಿಸಿ, ಅಜ್ಜಿ ಹತ್ರ ಬಿಟ್ಟು ಮಂದೆ ಹಿಂದೆ ಹೋಗಿದ್ದೆ. ತಿರುಗಿ ಬಂದಾಗ ನನ್ನ ಕಂಡು ಅಜ್ಜಿ ಸೆರಗಿನಾಗೆ ಮುಖ ಮುಚ್ಕಂಡೆ."

"ಆಮೇಲೆ ಬಂದೆನಾ ನಿನ್ ಹತ್ರ?"

"ಬಂದೆ. ನೀನು ಬಂದು ತೊಡೆ ಮ್ಯಾಲೆ ಕೂರೋ ಹೊತ್ತಿಗೆ ಮಂದೆ ಹೊರಡೋ ದಿನ ಬಂದಿತ್ತು."

ಅವ್ವ ನಗುತ್ತಲೇ ಹೇಳಿದಳು. ಶಿಲ್ಪಳಿಗೆ ನಗು ಬರಲಿಲ್ಲ. ಇವತ್ತು ತನಗೆ ಆದದ್ದೇ ಅವತ್ತು ಅವ್ವನಿಗೂ ಆಗಿತ್ತು. ಅದೂ ಹೆತ್ತ ಅವ್ವನಿಗೆ.

ಅವಳು ತಮ್ಮನನ್ನು ಕರೆಯಲಿಲ್ಲ. ಅವನು ಕೂತಿದ್ದದ್ದು ಅವ್ವನ ಒಂದು ತೊಡೆಯ ಮೇಲೆ. ಇನ್ನೊಂದರ ಮೇಲೆ ತಲೆಯಿಟ್ಟು, ಬಾಗಿ ನೋಡುತ್ತಿದ್ದ ಅವ್ವನ ಮುಖವನ್ನು ಕಣ್ಣು ತುಂಬ ನೋಡುತ್ತ ಮಲಗಿದಳು.