ಕಾಗೆಗೆ ಹೇಳಿದ ಮಾತು

"ನನ್ ಗಂಡ ಕಣ್ಣ್ ಕಾಣ್ದೆ ಬಿದ್ದ್ ಸತ್ತದ್ದಲ್ಲ ಅಮ್ಮ. ಅದೊಂದ್ ಮಾತನ್ನ ಹತ್ತ್ ಜನ್ರ ಎದ್ರಿಗೆ ನೀವ್ ಹೇಳ್ಕ್. ನಂಗೆ ಬೇರೆಂತದೂ ಬ್ಯಾಡ."

ಜಲಜ ಇಷ್ಟು ಹೇಳಿ ರಾಜೀವಿ ಅಮ್ಮನ ಜಗಲಿಯ ಮೆಟ್ಟಿಲ ಮೇಲೆ ಕುಳಿತಳು. ಎರಡು ವರ್ಷದ ಮಗಳು ನವ್ಯಶ್ರೀ ಅವಳ ಸೆರಗನ್ನು ಬಾಯಲ್ಲಿಟ್ಟುಕೊಂಡು ನಮ್ಮನ್ನು ನೋಡುತ್ತಿತ್ತು. ಅದು 2016ರ ಮೇ ತಿಂಗಳ ಕೊನೆ. ಅವಳ ಗಂಡ ಯತೀಶ್ ಸತ್ತು ಆರು ದಿನವಾಗಿತ್ತು.

ರಾಜೀವಿ ಅಮ್ಮ ಬೈಂದೂರಿನ ಹತ್ತಿರ ಯಡ್ತರೆಯಲ್ಲಿ ಮೂವತ್ತು ವರ್ಷ ಅಂಚೆ ಕಚೇರಿ ನಡೆಸಿದವರು. ನಾನು, ನಾಗ, ಅವರ ಕೈಕೆಳಗೆ ಇಪ್ಪತ್ತೆರಡು ವರ್ಷ ಟಪಾಲು ಹಂಚಿದವನು. ನಿವೃತ್ತಿಯಾದ ಮೇಲೆ ಊರಿನವರು ಕಳೆದುಹೋದ ಸರದಿಂದ ಹಿಡಿದು ಕದ್ದುಹೋದ ಕೋಳಿಯವರೆಗೆ ಎಲ್ಲವನ್ನೂ ಅವರ ಜಗಲಿಗೆ ತಂದು ಹಾಕುತ್ತಿದ್ದರು. ಅಮ್ಮನದು ಹುಡುಕುವ ಕೆಲಸ. ನನ್ನದು ಸ್ಕೂಟರ್ ಓಡಿಸುವುದು ಮತ್ತು ತಪ್ಪು ಊಹೆ ಮಾಡುವುದು.

ಯತೀಶ್ ಸೋಲಾರ್ ಕೂರಿಸುವ ಹುಡುಗ. ಕುಂದಾಪುರದ ಒಂದು ಕಂಪನಿಯ ಪರವಾಗಿ ಹತ್ತು ವರ್ಷದಿಂದ ಛಾವಣಿಯಿಂದ ಛಾವಣಿಗೆ, ನಮ್ಮ ಮಾತಲ್ಲಿ ಮಾಡಿನಿಂದ ಮಾಡಿಗೆ, ಹತ್ತಿದವನು. ಕಿರಿಮಂಜೇಶ್ವರದ ಕಡಲ ಕರೆಯಲ್ಲಿ ಸಾಹುಕಾರ ಗೋವರ್ಧನನ ಒಣಮೀನಿನ ಶೆಡ್ಡಿದೆ. ಅದರ ತಗಡಿನ ಮಾಡಿಗೆ ಪ್ಯಾನೆಲ್ ಕೂರಿಸಲು ಹೋದ ಬೆಳಗ್ಗೆಯೇ, ಮಾಡು ಮುರಿದು ಇಪ್ಪತ್ತಡಿ ಕೆಳಗೆ ಸಿಮೆಂಟ್ ನೆಲಕ್ಕೆ ಬಿದ್ದಿದ್ದ.

ಇಂಥ ಶೆಡ್ಡುಗಳ ಒಳಗೆ ಹಗಲೂ ಕತ್ತಲೆ. ಅದಕ್ಕೆ ತಗಡುಗಳ ನಡುವೆ ಒಂದು ಫೈಬರ್ ಶೀಟು ಹಾಕಿರುತ್ತಾರೆ. ಬೆಳಕಿನ ಶೀಟು ಎನ್ನುತ್ತಾರೆ. ನಾಲ್ಕು ಬೇಸಗೆ ಕಂಡ ಮೇಲೆ ಅದು ಹಪ್ಪಳ, ಬೆಕ್ಕು ಓಡಾಡಿದರೂ ಚಟಚಟ ಎನ್ನುತ್ತದೆ. ಯತೀಶ್ ಫೋನಿನಲ್ಲಿ ಮಾತಾಡುತ್ತ ಅದರ ಮೇಲೆ ಕಾಲಿಟ್ಟ ಎಂದು ಗೋವರ್ಧನ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದ.

"ಪ್ಯಾಟಿಯಂಗೆ ಎಲ್ರೂ ನೆಗ್ಯಾಡ್ತ್ರ್ ಅಮ್ಮ. ಹತ್ತ್ ವರ್ಷ ಮಾಡ್ ಹತ್ತಿದವ್ನಿಗೆ ಬೆಳ್ಕಿನ್ ಶೀಟ್ ಕಾಣ್ಲಿಲ್ಯಾ ಅಂತ್ರ್. ನಾಳೆ ಇದ್ ದೊಡ್ಡದಾಯಿ, ಅಪ್ಪಯ್ಯ ಹ್ಯಾಂಗೆ ಸತ್ತದ್ ಅಂತ ಕೇಂಡ್ರೆ ನಾನೆಂತ ಹೇಳುದ್?"

ಅಮ್ಮ ಮಗುವಿನ ತಲೆ ಸವರಿದರು. "ಅವ ಅಲ್ಲಿಗ್ ಮುಂಚೆ ಹೋಯಿದ್ನಾ?"

"ಇಲ್ಲೆ, ಅದೇ ಮೊದ್ಲ್. ಅಳ್ತಿ ತೆಗ್ದದ್ ಕಂಪನಿಯವ್ರ್. ಹಿಂದಿನ್ ದಿನ ಕಂಪನಿಯಿಂದ ಬಂದ ಈ ಫೋಟೋ ಇವ್ರ್ ನಂಗ್ ಕಳ್ಸಿದ್ರ್. ನಾಳೆ ನಿನ್ನಪ್ಪಯ್ಯ ಕಾವಲಿಪ್ಪು ಶೆಡ್ಡಿನ್ ಮೇಲ್ ನಾನ್, ಅಂತ."

ಅವಳ ಫೋನಿನಲ್ಲಿ ಮಾಡು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಬೆಳ್ಳಗೆ ಹೊಳೆಯುತ್ತಿತ್ತು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಮ್ಮ ಮಾತ್ರ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು.

ಜಲಜಳ ಅಪ್ಪ ಕುಷ್ಟಣ್ಣ ಅದೇ ಶೆಡ್ಡಿನ ಕಾವಲಿನವರು. ಹಿಂದೆ ಸ್ವಂತ ಮರದ ದೋಣಿ ಇದ್ದವರು. ಅಳಿಯ ದೋಣಿಗೆ ಬರುತ್ತಾನೆಂದು ಆಸೆಪಟ್ಟರು. ಅವನು ಕಡಲಿಗೆ ಇಳಿಯುವುದಿಲ್ಲ ಎಂದ. ಮೂರು ವರ್ಷದ ಹಿಂದೆ, ಮದುವೆಯ ಮರುವಾರವೇ, ಮುದುಕರು ಹತ್ತು ಜನರ ಮುಂದೆ ಅಳಿಯನೊಂದಿಗೆ ಮಾತು ಬಿಟ್ಟರು. ನಮ್ಮ ಕಡೆ ಮಾತು ಬಿಟ್ಟರೆ ಬಿಟ್ಟದ್ದೇ. ಹೆಣ ಎತ್ತುವಾಗಲೂ ಬಾಯಿ ಬಿಡದವರನ್ನು ನಾನು ಕಂಡಿದ್ದೇನೆ. ಅದನ್ನು ದೊಡ್ಡ ಗುಣವೆಂದು ಹೊಗಳುವವರನ್ನೂ ಕಂಡಿದ್ದೇನೆ, ಅವರ ಬಾಯಿಗೆ ಮಣ್ಣು ಹಾಕ.

ಮರುದಿನ ನಾವು ಶೆಡ್ಡಿಗೆ ಹೋದೆವು. ತೂತಿದ್ದ ಜಾಗಕ್ಕೆ ಆಗಲೇ ಹೊಸ ತಗಡು ಬಿದ್ದಿತ್ತು. ಗೋವರ್ಧನ ಕೈಮುಗಿದು ಕುರ್ಚಿ ಹಾಕಿಸಿದ.

"ಎಂತ ಮಾಡುದ್ ಅಮ್ಮ, ಹಣೆಬರ. ಅಷ್ಟಗ್ಲದ್ ಬೆಳ್ಕಿನ್ ಶೀಟ್, ಮಕ್ಳಿಗೂ ಕಾಂತಿತ್. ಒಟ್ಟಿಗೆ ಕೆಲ್ಸ ಮಾಡು ರತೀಶನ್ನ ಒಂದ್ ಮಾತ್ ಕೇಣಿ. ಅವ ಆ ದಿನ ತಡ ಮಾಡಿ ಬಂದದ್ ಎಂತಕ್ಕೆ ಅಂತ."

"ಮಾಡಿಗೆ ಪೇಂಟ್ ಹೊಡ್ಸದ್ ಯಾವಾಗ?"

"ಹದ್ನೈದ್ ದಿನ ಆಯ್ತ್. ಗಂಗೊಳ್ಳಿಯಿಂದ ಪೇಂಟರ್ ಬಂದಿದ್ರ್. ವರ್ಷ ವರ್ಷ ಮಳಿಗಾಲಕ್ಕ್ ಮುಂಚೆ ಸಿಲ್ವರ್ ಪೇಂಟ್ ಹೊಡ್ಸ್ದೆ ಇದ್ರೆ ಉಪ್ಪ್ ಗಾಳಿಗೆ ತಗ್ಡ್ ಉಳಿತಿಲ್ಲೆ. ಬೆಳ್ಕಿನ್ ಶೀಟಿಗೆ ಯಾರೂ ಬಳಿತಿಲ್ಲೆ, ಅಲ್ದಾ?"

ನನಗೆ ರತೀಶನ ಮೇಲೆಯೇ ಅನುಮಾನ ಬಂತು. ಇಬ್ಬರಿಗೂ ಹಿಂದೊಮ್ಮೆ ಜಗಳವಾಗಿದ್ದು ನನಗೆ ಗೊತ್ತಿತ್ತು. ಆದರೆ ಅವನು ಆ ದಿನ ಪ್ಯಾನೆಲ್ ತುಂಬಿದ ಟೆಂಪೋದಲ್ಲಿ ಒಂಬತ್ತೂವರೆಗೆ ಬಂದನೆಂದು ಡ್ರೈವರ್ ಹೇಳಿದ. ಯತೀಶ್ ಬಿದ್ದದ್ದು ಎಂಟಕ್ಕೆ.

"ಹಗ್ಗ ಕಟ್ಟುಕೇ ಅವ ಬೇಗ ಹೋದದ್ ಅಮ್ಮ," ಎಂದು ರತೀಶ್ ಅತ್ತ. "ನಾನ್ ಬಪ್ಪುದ್ರೊಳ್ಗೆ ಬೀಳ್ದ ಹಾಂಗೆ ತುದಿ ಪೈಪಿಗೆ ಹಗ್ಗ ಕಟ್ಟಿಡ್ತೆ ಅಂದಿದ್ದ. ಮಾಡೆಲ್ಲ ತಗ್ಡೇ, ಬೆಳ್ಕಿನ್ ಶೀಟ್ ತೆಗ್ಸಿದ್ರ್ ಅಂತ ಕಂಪನಿ ಚೀಟಿಯಂಗೆ ಇತ್ತ್."

ಶೆಡ್ಡಿನಲ್ಲಿ ಮೀನು ಆರಿಸುವ ಚಂದ್ರಮತಿಯನ್ನು ಅಮ್ಮ ಕಡೆಯಲ್ಲಿ ಮಾತಾಡಿಸಿದರು. ಅವಳೂ ಉಳಿದ ಹೆಂಗಸರೂ ದಿನವೂ ಬೆಳಕಿನ ಶೀಟಿನ ಕೆಳಗೇ ಕೂರುವವರು.

"ದೇವ್ರ್ ದೊಡ್ಡವ, ಆ ದಿನ ನಾವ್ ಹೊರ್ಗೆ ಜಗ್ಲಿಯಂಗ್ ಕೂತಿತ್. ಇಲ್ದಿರೆ ನಮ್ ತಲಿ ಮೇಲೇ ಬೀಳ್ತಿದ್ದ."

"ಹೊರ್ಗ್ ಎಂತಕ್ಕೆ?"

"ಒಳ್ಗೆ ಕತ್ಲಿ ಅಮ್ಮ. ಅವ ಬೀಳು ಮುಂಚೆ ಮೂರ್ ದಿನದಿಂದ ಹಾಂಗೇ. ಮೀನಿನ್ ಮುಳ್ಳೂ ಕಾಂತಿರ್ಲಿಲ್ಲೆ."

ಅಮ್ಮ ತಲೆದೂಗಿದರು. ಚಂದ್ರಮತಿಗೆ ಮಾತಿನ ಹುರುಪು ಬಂತು.

"ಕುಷ್ಟಣ್ಣಂಗೆ ಪ್ರಾಯ ಆಯ್ತ್ ಕಾಣಿ. ಆ ಬೆಳ್ಗೆ ಏಣಿ ಬುಡ್ದಲ್ಲ್ ಕೂಕಂಡ್ ಕಾಕಿಗೆ ಬುದ್ಧಿ ಹೇಳ್ತಿದ್ದಿರ್. 'ಹ್ವಾಯ್ ಕಾಕಿ, ನಡು ಮಾಡಿನ್ ಮೇಲ್ ಕೂರ್ಬೇಡ, ಬೀಳ್ತೆ' ಅಂತ! ನಾವೆಲ್ಲ ನೆಗ್ಯಾಡದ್ದೇ. ಯತೀಶನೂ ನೆಗ್ಯಾಡ್ಕಂಡೇ ಹತ್ತಿದ, ಪಾಪ."

ಕಾಗೆಗೆ ಬುದ್ಧಿ ಹೇಳುವ ಮುದುಕರನ್ನು ನೆನೆದು ನಾನೂ ನಕ್ಕೆ. ಅಮ್ಮ ನಗಲಿಲ್ಲ. ಒಡೆದ ಶೀಟಿನ ಚೂರುಗಳು ಏನಾದವು ಎಂದು ಕೇಳಿದರು. ಪೊಲೀಸರು ಬರುವ ಮೊದಲೇ ಸಾಹುಕಾರರು ಗುಡಿಸಿ ಹೊಂಡಕ್ಕೆ ಹಾಕಿಸಿದ್ದರಂತೆ. ನಮ್ಮೂರ ಹೆಂಗಸರು ಯಾವ ವಸ್ತುವನ್ನು ಹೊಂಡದಲ್ಲಿ ಬಿಟ್ಟಿದ್ದಾರೆ? ದೊಡ್ಡ ಚೂರೊಂದು ಚಂದ್ರಮತಿಯ ಕೋಳಿಗೂಡಿನ ಮಾಡಾಗಿತ್ತು.

ಅಮ್ಮ ಅದನ್ನು ಬಿಸಿಲಿಗೆ ಹಿಡಿದರು. ಒಂದು ಮೈಗೆ ಸಿಲ್ವರ್ ಪೇಂಟ್. ಉಗುರಿನಿಂದ ಕೆರೆದ ಕಡೆ ಬೆಳಕು ಆಚೆಯಿಂದ ಈಚೆ ಬಂತು. ಚೂರಿನ ಉದ್ದಕ್ಕೂ ಒಂದು ಹಳೆಯ ಬಿರುಕಿತ್ತು. ಅದರೊಳಗೆ ಹತ್ತಿನೂಲನ್ನು ಒತ್ತೊತ್ತಾಗಿ ತುಂಬಿ, ಮೇಲೆ ರಾಳ ಎಳೆದಿದ್ದರು. ಅಮ್ಮ ಆ ಬಿರುಕಿನ ಮೇಲೆ ಮತ್ತೆ ಮತ್ತೆ ಬೆರಳಾಡಿಸಿದರು.

"ಕೇಸ್ ಮುಗೀತಾ ಅಮ್ಮ?" ಎಂದೆ.

"ಮುಗೀತ್ ನಾಗ. ಮುಗೀದೇ ಇದ್ದಿರೆ ಲಾಯ್ಕಿತ್ತ್."

ಎರಡು ದಿನ ಬಿಟ್ಟು ಸಂಜೆ ನಾಲ್ಕಕ್ಕೆ ಅಮ್ಮ ಎಲ್ಲರನ್ನೂ ಶೆಡ್ಡಿನೊಳಗೆ ಸೇರಿಸಿದರು. ಠಾಣೆಯಿಂದ ಎಸ್‌ಐ ಬಂದಿದ್ದರು. ಗೋವರ್ಧನ, ರತೀಶ್, ಚಂದ್ರಮತಿ ಮತ್ತು ಅವಳ ಸಂಗಡಿಗರು, ಮಗುವನ್ನೆತ್ತಿಕೊಂಡ ಜಲಜ. ಕುಷ್ಟಣ್ಣ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕುಳಿತಿದ್ದರು.

ಅಮ್ಮ ಮೊದಲು ಜಲಜಳ ಫೋನನ್ನು ಎಸ್‌ಐ ಕೈಗೆ ಕೊಟ್ಟರು. "ಇದ್ ಅವ ಸಾಯು ಹಿಂದಿನ್ ದಿನದ್ ಫೋಟೋ. ಸಾಹುಕಾರ್ರೇ ಕಂಪನಿಗೆ ಕಳ್ಸದ್. ಮಕ್ಳಿಗೂ ಕಾಂಬು ಬೆಳ್ಕಿನ್ ಶೀಟ್ ಇದ್ರಲ್ಲಿ ಎಲ್ಲಿತ್ತ್, ತೋರ್ಸಿ ಕಾಂಬ."

ಎಸ್‌ಐ ಫೋಟೋವನ್ನು ಹಿಗ್ಗಿಸಿ ನೋಡಿದರು, ಆಮೇಲೆ ಗೋವರ್ಧನನನ್ನು ನೋಡಿದರು.

"ಬೆಳ್ಕಿನ್ ಶೀಟ್ ತೆಗ್ದ್ ತಗ್ಡ್ ಹಾಕ್ದೆ ಇದ್ರೆ ಪ್ಯಾನೆಲ್ ಕೂರ್ಸುದಿಲ್ಲ ಅಂತ ಕಂಪನಿಯವ್ರ್ ಹೇಳಿದ್ರ್. ನಾನ್ ಕುಂದಾಪುರಕ್ಕೆ ಹೋಯಿ ಕೇಂಡ್ಕಂಡ್ ಬಂದೆ. ಸ್ಕ್ರೂ ಎಲ್ಲ ತುಕ್ಕು, ತೆಗಿಯುಕೆ ನಾಕ್ ದಿನ ಬೇಕ್. ಇವ್ರಿಗೆ ಪುರ್ಸೊತ್ತ್ ಇಲ್ಲೆ. ಎಂತಕ್ಕೆ ಅಂದ್ರೆ ಸೋಲಾರ್ ಉದ್ಘಾಟನೆಯ ಕಾರ್ಡ್ ಆಗ್ಲೇ ಹಂಚಿ ಆಯಿತ್ತ್. ನಮ್ಮನಿಗೂ ಬಂದಿತ್ತ್. ಅದಕ್ಕೆ ಶೀಟಿಗೂ ಸಿಲ್ವರ್ ಬಳ್ಸಿ, ತಗ್ಡ್ ಹಾಕಿ ಆಯ್ತ್ ಅಂತ ಫೋಟೋ ಕಳ್ಸಿದ್ರ್. ಬಳ್ದ ದಿನದಿಂದ್ಲೇ ಒಳ್ಗೆ ಕತ್ಲಿ ಆದ್ದ್. ಯತೀಶ ಕಂಡದ್ ತಗ್ಡನ್ನೇ. ಕಾಲಿಟ್ಟದ್ದೂ ತಗ್ಡಿನ್ ಮೇಲೇ ಅಂತ ತಿಳ್ಕಂಡ್."

ಅವರು ಕೋಳಿಗೂಡಿನ ಚೂರನ್ನು ಮೇಜಿನ ಮೇಲಿಟ್ಟರು. ಗೋವರ್ಧನ ಬೆವರು ಒರೆಸಿಕೊಂಡ. "ಅವನ್ನ ಕೊಲ್ಲುಕೆ ಅಂತ ಮಾಡದ್ದಲ್ಲ ಅಮ್ಮ. ಬಂದ್ಕೂಡ್ಲೇ ಹೇಳ್ತೆ ಅಂದ್ಕಂಡಿದ್ದೆ. ಆ ಬೆಳ್ಗೆ ಕಾರ್ಡ್ ಕೊಡುಕೆ ಹೋದವ ಮರ್ತೇಬಿಟ್ಟೆ."

ಮರೆತನಂತೆ. ಕಾರ್ಡಿನಲ್ಲಿ ತನ್ನ ಹೆಸರಿನ ಹಿಂದೆ ಎರಡು ಬಿರುದು ಹಾಕಿಸುವುದು ಮರೆತಿರಲಿಲ್ಲ. ಚೂರು ಗುಡಿಸುವುದೂ ಸತ್ತವನ ಮೇಲೆ ತಪ್ಪು ಹೊರಿಸುವುದೂ ನೆನಪಿತ್ತು. ನನಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು.

"ಯತೀಶ ಕಣ್ಣ್ ಕಾಣ್ದೆ ಬಿದ್ದದ್ದಲ್ಲ," ಎಂದು ಅಮ್ಮ ಗಟ್ಟಿಯಾಗಿ ಹೇಳಿದರು. "ಎಲ್ಲರೂ ಕೇಂಡ್ರ್ಯಾ?"

ಜಲಜ ಮಗುವನ್ನು ಅಪ್ಪಿಕೊಂಡು ಕಣ್ಣೊರೆಸಿಕೊಂಡಳು. ಅಲ್ಲಿಗೇ ಎದ್ದು ಹೋಗಬಹುದಿತ್ತು. ಆದರೆ ಅವಳು ಕೇಳಿದಳು: "ಮೇಲ್ ಹತ್ತಿ ಬಳ್ದದ್ ಯಾರ್ ಅಮ್ಮ? ಇವ್ರ್ ಏಣಿ ಹತ್ತು ಜನ ಅಲ್ಲ."

ಅಮ್ಮ ತಡವರಿಸಿದ್ದನ್ನು ನಾನು ಮೊದಲ ಸಲ ನೋಡಿದೆ. "ನೀ ಕೇಂಡದ್ ಗಂಡನ್ ಹೆಸ್ರ್. ಅದ್ ಸಿಕ್ತ್. ಇಲ್ಲಿಗೇ ಬಿಡುವ, ಮಗಾ."

"ಬ್ಯಾಡ. ಹೇಳಿ."

"ಈ ಬಿರುಕ್ ಕಾಣ್. ಹತ್ತಿನೂಲ್ ತುಂಬ್ಸಿ ರಾಳ ಹಾಕಿದ್ರ್. ಪೇಂಟರ್ ಇದನ್ನ ಮಾಡ್ತಿಲ್ಲೆ. ಮರದ್ ದೋಣಿಗೆ ನೀರ್ ಬರ್ದ ಹಾಂಗೆ ಕಟ್ಟಿದ್ ಕೈ ಇದ್. ಆ ಕೈಗೆ ಬಿರುಕ್ ಕಂಡ್ರೆ ಹಾಂಗೇ ಬಿಡುಕಾತಿಲ್ಲೆ. ಇಲ್ಲಿ ಅಂಥ ಕೈ ಒಂದೇ ಇಪ್ಪುದ್." ಅಮ್ಮನ ದನಿ ತಗ್ಗಿತು. "ಮತ್ತೆ, ಪ್ರಾಯ ಆಯಿ ತಲಿ ಕೆಟ್ಟವ್ರ್ ಕಾಕಿಗೆ ಬುದ್ಧಿ ಹೇಳ್ಲಕ್ಕ್. ಕುಷ್ಟಣ್ಣಂಗೆ ತಲಿ ಸಮ ಇತ್ತ್. ಕಾಕಿಗೆ ಹೇಳದ್ದಲ್ಲ, ಏಣಿ ಹತ್ತುವವ್ನಿಗೆ ಹೇಳದ್. ಮಾತ್ ಬಿಟ್ಟವ್ರ್ ಹೇಳುದೇ ಹಾಂಗೆ. ಕಂಬಕ್ಕೆ, ನಾಯಿಗೆ, ಕಾಕಿಗೆ. ತನ್ನನ್ನ ಕಾಕಿ ಅಂತ ಹಂಗ್ಸದ್ ಅಂತ ತಿಳ್ಕಂಡ್ ಅವ ನೆಗ್ಯಾಡ್ದ. ನೆಗ್ಯಾಡದ್ ಕಂಡ್ ಇವ್ರ್, ಅವಂಗೆ ಅರ್ಥ ಆಯ್ತ್ ಅಂತ ತಿಳ್ಕಂಡ್ರ್."

ಕುಷ್ಟಣ್ಣ ಗೋಡೆ ಹಿಡಿದು ಎದ್ದರು.

"ನಾನೇ ಬಳ್ದದ್. ಸಾಹುಕಾರ್ರ್ ಬಳಿ ಅಂದ್ರ್, ಬಳ್ದೆ. ಅವಂಗೆ ನಾನೇ ಹೇಳ್ತೆ ಅಂದಿದ್ರ್ ಅವ್ರ್. ಆದ್ರೂ ಮನ್ಸ್ ಕೇಣ್ಲಿಲ್ಲೆ ಮಗಾ, ಅದಕ್ಕೇ ಕಾಕಿ ಹೆಸ್ರಲ್ಲಿ..." ಮುದುಕರು ಮಾಡಿನತ್ತ ನೋಡಿದರು. "ಹ್ವಾಯ್ ಯತೀಶ ಅಂತ ಒಂದ್ ಮಾತ್. ಗಂಟ್ಲ್ ತನ್ಕ ಬಂದಿತ್ತ್. ಹತ್ತ್ ಜನ್ರ ಎದ್ರಿಗೆ ಬಿಟ್ಟ ಮಾತಲ್ದಾ ಅಂತ ನುಂಗಿದೆ."

ಎಸ್‌ಐ ಗೋವರ್ಧನನನ್ನು ಜೀಪಿಗೆ ಹತ್ತಿಸಿ, ಕುಷ್ಟಣ್ಣನ ಹೇಳಿಕೆಗೆ ನಾಳೆ ಬನ್ನಿ ಎಂದು ಹೋದ ಮೇಲೂ ಜಲಜ ಆ ಹೊಸ ತಗಡನ್ನೇ ನೋಡುತ್ತ ನಿಂತಿದ್ದಳು. ಕುಷ್ಟಣ್ಣ ಮೊಮ್ಮಗುವಿನ ಕಡೆಗೆ ಕೈ ಚಾಚಿದರು. ಜಲಜ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ನನ್ನತ್ತ ತಿರುಗಿದಳು.

"ನಾಗಣ್ಣ, ಅವ್ರಿಗೆ ಹೇಳಿ. ಇನ್ ನನ್ ಮನಿ ಬಾಗ್ಲಿಗೆ ಬಪ್ಪುದ್ ಬ್ಯಾಡ ಅಂತ."

ಕುಷ್ಟಣ್ಣ ಅವಳಿಂದ ಎರಡು ಮೊಳ ದೂರದಲ್ಲಿದ್ದರು. ಕೇಳಿಸದೇ ಇರಲು ಸಾಧ್ಯವಿರಲಿಲ್ಲ. ಆದರೂ ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ತಲೆ ತಗ್ಗಿಸಿಕೊಂಡಿದ್ದರು. ಕಡೆಗೆ ನಾನು ಆ ಮಾತನ್ನು ಮುದುಕರಿಗೆ ಹೇಳಿದೆ.

"ಆಯ್ತ್ ಅಂತ ಹೇಳ್ ನಾಗ," ಎಂದರು ಅವರು.

ನಾನು ತಿರುಗಿ ಜಲಜಳಿಗೆ, "ಆಯ್ತಂಬ್ರ್," ಎಂದೆ.