ಹಸಿರು ಬಾವುಟದ ತಾಕು

ಏಪ್ರಿಲ್ ಒಂಬತ್ತರ ಬೆಳಿಗ್ಗೆ, ಬಾಂಗ್ಲಾದೇಶದ ನಯಾಡಾಂಗಿ ಠಾಣೆಗೆ ದೂರು ಬಂತು. ತಂದವರು ಊರಾಚೆಯ ಭತ್ತ ಸಂಶೋಧನಾ ಕೇಂದ್ರದ ವಿಜ್ಞಾನಿ ಡಾ. ಎಹ್ತೆಶಾಮ್. ಮಣ್ಣಿನ ಕಬ್ಬಿಣವನ್ನು ಕಾಳಿಗೆ ತುಂಬಿಸಿಕೊಳ್ಳಲಿ ಅಂತ ಬೇರಿನ ಗುಣವನ್ನೇ ತಿದ್ದಿ ಬೆಳೆಸಿದ ಭತ್ತ. ಅದರ ಮೂರು ತಾಕುಗಳಲ್ಲಿ ಒಂದರ ತೆನೆಯನ್ನು ಯಾರೋ ಪೂರಾ ಕೊಯ್ದೊಯ್ದಿದ್ದರು. ಇದು ಬೀಜದ ಕಂಪನಿಯವರದೇ ಕೆಲಸ ಅಂತ ಅವರು ಕೂರುವ ಮೊದಲೇ ತೀರ್ಪು ಕೊಟ್ಟರು. ದೊಡ್ಡವರ ದೂರು ಯಾವಾಗಲೂ ಹೀಗೇ, ಕಳ್ಳನನ್ನೂ ಅವರೇ ಗೊತ್ತುಮಾಡಿಕೊಂಡು ಬಂದಿರುತ್ತಾರೆ ಅಂತ ಎಸ್.ಐ. ದಿಲಾರಾ ಒಳಗೊಳಗೇ ಬೈದುಕೊಂಡು ಎಫ್ಐಆರ್ ಬರೆದಳು.

ಕಾನ್‌ಸ್ಟೇಬಲ್ ನಿಮಾಯ್ ಮಾಲೋ ಜೊತೆ ಹೋಗಿ ಸ್ಥಳ ಪಂಚನಾಮೆ ಮಾಡಿದಳು. ಒಂದೊಂದು ತಾಕಿನ ಬದುವಿನ ಮೇಲೆ ಒಂದೊಂದು ಬಾವುಟ: ಕೆಂಪು, ಹಳದಿ, ಹಸಿರು. ಕಳವಾದದ್ದು ಹಸಿರಿನದು. ತೆನೆ ಮಾತ್ರ ಹೋಗಿತ್ತು, ಹುಲ್ಲು ನಿಂತಲ್ಲೇ ನಿಂತಿತ್ತು. ಆ ತಾಕಿನಲ್ಲಿ ಅಂಥದ್ದೇನಿತ್ತು ಅಂತ ಕೇಳಿದ್ದಕ್ಕೆ, ಅದೆಲ್ಲ ನಿಮಗೆ ತಿಳಿಯೋದಿಲ್ಲ ಬಿಡಿ ಅಂದರು ಡಾಕ್ಟರು. ದಿಲಾರಾ ಅದನ್ನು ಅಲ್ಲಿಗೇ ಬಿಟ್ಟು ಪಂಚನಾಮೆಗೆ ಅವರ ಸಹಿ ಹಾಕಿಸಿಕೊಂಡಳು. ಬಿಡಬಾರದಿತ್ತು.

ಮೇಲಿನವರ ಅಪ್ಪಣೆಯಂತೆ ನಾಲ್ಕು ದಿನ ಢಾಕಾದ ಬೀಜದಂಗಡಿಗಳನ್ನು ಸುತ್ತಿದ್ದಾಯಿತು. ಸಿಕ್ಕಿದ್ದು ಕಾಲುನೋವು ಮಾತ್ರ.

ಬಂಗಾಳಿ ಹೊಸ ವರ್ಷದ ಹಬ್ಬ ಮುಗಿದ ಮಾರನೆಯ ದಿನ, ಏಪ್ರಿಲ್ ಹದಿನೈದರಂದು, ಇಬ್ಬರೂ ಕೇಂದ್ರದ ಹಿಂದಿನ ಕೇರಿಯಲ್ಲಿ ನಡೆದು ಬರುತ್ತಿದ್ದಾಗ ನಿಮಾಯ್ ತಟ್ಟನೆ ನಿಂತ.

"ಮೇಡಂ, ಯಾರೋ ಭತ್ತ ಬೇಯಿಸ್ತಿದ್ದಾರೆ."

ಕುಚ್ಚಲಕ್ಕಿಗೆ ಹೊಸ ಭತ್ತ ಬೇಯಿಸುವ ವಾಸನೆ. ಊರವರ ಗದ್ದೆ ಇನ್ನೂ ಹಸಿಹಸಿ, ಕೊಯ್ಲಿಗೆ ಎರಡು ವಾರವಿದೆ. ಮೊದಲೇ ಮಾಗಿದ್ದು ಕೇಂದ್ರದ ತಾಕುಗಳಷ್ಟೇ. ಬೇಯಿಸಿದ ಭತ್ತ ಮೊಳೆಯುವುದಿಲ್ಲ. ಅಂದಮೇಲೆ ಕದ್ದದ್ದು ಬಿತ್ತುವುದಕ್ಕಲ್ಲ, ಉಣ್ಣುವುದಕ್ಕೆ.

ಅಂಗಳದಲ್ಲಿ ಒಲೆಯ ಮುಂದಿದ್ದವಳು ಜೊಬೇದಾ, ಕೇಂದ್ರದ ಆಳುಗಳಿಗೆ ಮಧ್ಯಾಹ್ನದ ಅಡುಗೆ ಮಾಡುವಾಕೆ. ಜಗಲಿಯ ಮೇಲೆ ತುಂಬು ಬಸುರಿ ಮಗಳು ಪಾರುಲ್ ಬಿಳಿಚಿದ ಮುಖ ಹೊತ್ತು ಕೂತಿದ್ದಳು.

"ಖಾಲಾ, ಭತ್ತ ಎಲ್ಲಿಂದ ಬಂತು?" ಚಿಕ್ಕಮ್ಮ ಅಂತ ಕರೆದೇ ಕೇಳಿದಳು ದಿಲಾರಾ.

"ಗೊತ್ತಿದ್ದೇ ಬಂದಿದ್ದೀರಲ್ಲ ಆಪಾ."

"ಎಷ್ಟು ದಿನದಿಂದ ಉಣ್ತಿದ್ದೀರಿ?"

"ನಾನೊಂದು ಅಗುಳೂ ಮುಟ್ಟಿಲ್ಲ. ಅವಳಿಗೇ ಐದು ದಿನದಿಂದ ಎರಡು ಹೊತ್ತೂ ಹಾಕ್ತಿದ್ದೀನಿ. ಈ ಅಕ್ಕಿ ಉಂಡ್ರೆ ನಮ್ಮ ಹೆಣ್ಣುಮಕ್ಕಳಿಗೆ ರಕ್ತ ತುಂಬುತ್ತೆ ಅಂತ ಕೇಂದ್ರದ ಡಾಕ್ಟರೇ ಮೈಕಲ್ಲಿ ಹೇಳಿದ್ರು. ಒಂದು ಹಿಡಿ ಕೇಳಿದ್ರೆ ಕೊಡಲಿಲ್ಲ."

"ಮೂರು ತಾಕಲ್ಲಿ ಹಸಿರು ಬಾವುಟದ್ದೇ ಯಾಕೆ ಕೊಯ್ದೆ?"

ಇದೆಂಥ ಪ್ರಶ್ನೆ ಅನ್ನುವಂತೆ ಜೊಬೇದಾ ನೋಡಿದಳು. "ಕೆಂಪು ಬಳಿದ ಬೋರಿನ ನೀರು ವಿಷ, ಹಸಿರು ಬಳಿದಿದ್ದು ಕುಡೀಬಹುದು ಅಂತ ಸರಕಾರದವರೇ ಮನೆಮನೆಗೆ ಬಂದು ಹೇಳಿಕೊಟ್ಟಿಲ್ವಾ? ಹಸಿರು ಬಿಟ್ಟು ಇನ್ನೇನು ಕೊಯ್ಯಲಿ?"

ಮಾಲು ಗುರುತಿಸಲು ಕರೆಸಿದ ಡಾಕ್ಟರು ಚೀಲಕ್ಕೆ ಕೈಹಾಕಿದರು. ಪಾರುಲಳ ತಟ್ಟೆ ನೋಡಿದ ಮೇಲೆ ಅವರ ದನಿ ಇಳಿಯಿತು. ಹಸಿರಿನದು ಕೆಟ್ಟ ತಳಿಯಂತೆ. ಕಬ್ಬಿಣಕ್ಕೆ ತೆರೆದ ದಾರಿಯಲ್ಲೇ, ಚರ್ಮದ ಕಾರ್ಖಾನೆಗಳ ಕಾಲುವೆ ನೀರಿನ ಕ್ಯಾಡ್ಮಿಯಂ ಎಂಬ ವಿಷವೂ ಕಾಳಿಗೆ ನುಗ್ಗಿದೆ. ಸುಟ್ಟುಹಾಕಬೇಕಾದ ಬೆಳೆ. ವಿಷ ತಡೆದು ಕಬ್ಬಿಣವನ್ನಷ್ಟೇ ಎಳೆದ ತಳಿ ಕೆಂಪು ಬಾವುಟದ್ದು.

"ಮತ್ತೆ ಇದಕ್ಕೆ ಹಸಿರು ಕಟ್ಟಿದ್ದು ಯಾರು?" ಅಂದಳು ದಿಲಾರಾ.

"ಕೈಗೆ ಸಿಕ್ಕ ಬಾವುಟ ಕಟ್ಟಿದ್ದು. ನಮ್ಮ ಗುರುತಿಗೆ ಅಷ್ಟೇ."

ಎತ್ತಿ ಕೆನ್ನೆಗೆ ಬಿಡಬೇಕು ಅನ್ನಿಸಿತು ದಿಲಾರಾಗೆ. ಆದರೆ ಅವರು ಫಿರ್ಯಾದಿ.

ಪಾರುಲಳನ್ನು ಕರೆದೊಯ್ದ ಆಸ್ಪತ್ರೆಯಲ್ಲಿ, ಐದು ದಿನದ ಅನ್ನದಿಂದ ಈಗಲೇ ಏನೂ ಆಗುವುದಿಲ್ಲ ಅಂದರು. ಮೈಗೆ ಹೊಕ್ಕಷ್ಟು ಮಾತ್ರ ಮೂತ್ರಪಿಂಡದಲ್ಲಿ ಬಹಳ ವರ್ಷ ಕೂತಿರುತ್ತದಂತೆ. ಪಾರುಲಳ ರಕ್ತ ಎಷ್ಟಿತ್ತೋ ಅಷ್ಟೇ ಇತ್ತು. ಸಂಜೆ ನಾಲ್ಕಕ್ಕೆ ಜೊಬೇದಾಳ ಬಂಧನವಾಯಿತು.

ಉಳಿದದ್ದನ್ನು ಅವಳು ಠಾಣೆಯಲ್ಲಿ, ಕೇಳದೆಯೇ ಹೇಳಿದಳು. ದೊಡ್ಡ ಮಗಳು ಶೆಫಾಲಿ ಹೋದ ವರ್ಷ ಹೆರಿಗೆಗೆ ಹೋದವಳು ತಿರುಗಿ ಬರಲಿಲ್ಲ. ಆಸ್ಪತ್ರೆಯವರು ರಕ್ತ ತನ್ನಿ ಅಂದರು. ಅಳಿಯ ಊರೆಲ್ಲ ಓಡಾಡಿ ಒಂದು ಬಾಟಲಿ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಈ ಸಲ ರಕ್ತ ಮೊದಲೇ ತುಂಬಿಸಿ ಇಟ್ಟಿರೋಣ ಅಂದ್ಕೊಂಡೆ ಆಪಾ," ಅಂದಳು. "ಪಾರುಲ್ ಬೇಡಾ ಬೇಡಾ ಅಂದ್ರೂ ನಾನೇ ಬಾಯಿಗಿಟ್ಟೆ."

ದಿಲಾರಾ ಅದನ್ನು ಹೇಳಿದ ಹಾಗೇ ಬರೆದುಕೊಂಡು, ಹೆಬ್ಬೆಟ್ಟಿನ ಶಾಯಿ ತರಲು ನಿಮಾಯ್‌ಗೆ ಹೇಳಿದಳು.